ಗೋಡೆ ಏರಿದ ಕೈ

ಕಳೆದ ತಿಂಗಳು ಬಬಲೇಶ್ವರದಲ್ಲಿರುವ ನನ್ನ ಸೋದರತ್ತೆಯ ಹಳೆಯ ಮನೆಗೆ ಸುಣ್ಣ ಹಚ್ಚುವ ಕೆಲಸ ನಡೆದಿತ್ತು. ಅತ್ತೆ ಇಲ್ಲವಾಗಿ ಬಹಳ ಕಾಲವಾಯಿತು. ಈಗ ಆಕೆಯ ಮಗಳು ಕಸ್ತೂರಿಯೇ ಆ ಮನೆಯ ಒಡತಿ. "ಒಮ್ಮೆ ಬಂದು ಹೋಗ್ರಿ ಮಾಮಾ" ಎಂದು ಆಕೆ ಕರೆದಳೆಂದು ಹೋಗಿದ್ದೆ. ಪಡಸಾಲೆಗೆ ಕಾಲಿಡುತ್ತಲೇ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಕೆಲಸದವನು ಹಳೆಯ ಸುಣ್ಣದ ಹೊಪ್ಪಳಿಕೆಗಳನ್ನು ಕೆರೆಯುತ್ತಿದ್ದ. ಕೆರೆಯುತ್ತ ಕೆರೆಯುತ್ತ ತಟ್ಟನೆ ನಿಂತು ನನ್ನತ್ತ ತಿರುಗಿ, "ಸಾಹೇಬ್ರ, ಇಲ್ಲಿ ಮೊದಲ ದೇವರ ಜಗಲಿ ಇತ್ತೇನ್ರಿ?" ಎಂದು ಕೇಳಿದ.

ಹತ್ತಿರ ಹೋಗಿ ನೋಡಿದೆ. ಪದರು ಕಳಚಿದ ಜಾಗದಲ್ಲಿ ಕೆಮ್ಮಣ್ಣಿನ ನಾಲ್ಕು ಬೆರಳ ತುದಿಗಳ ಗುರುತು. ಅದರ ಮೇಲೆ ಎರಡು ಬೆರಳ ಅಂತರದಲ್ಲಿ ಮತ್ತೆ ನಾಲ್ಕು. ಅದರ ಮೇಲೆ ಮತ್ತೆ ನಾಲ್ಕು. ಯಾರೋ ಕೈಯಿಂದಲೇ ಗೋಡೆ ಹತ್ತಿ ಹೋದ ಹಾಗೆ ಆ ಗುರುತುಗಳು ಮೇಲಕ್ಕೆ ಏರಿದ್ದವು. "ಇತ್ತು" ಎನ್ನಬೇಕೆಂದು ನಾಲಗೆಯ ತುದಿಗೆ ಬಂತು. ಆದರೆ ಖಚಿತವಿಲ್ಲದ ಮಾತನ್ನು ಹೊರಬಿಡದಿರುವುದು ನನ್ನ ಹಳೆಯ ರೋಗ. "ಜಗಲಿ ಇರಲಿಲ್ಲಪ್ಪ" ಎಂದಷ್ಟೇ ಹೇಳಿ ಹೊರಗಿನ ಕಟ್ಟೆಗೆ ಬಂದು ಕುಳಿತೆ. ಓದುಗರೇ, ನೀವೂ ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಿ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ನಾನು ಹುಟ್ಟಿದ್ದು ತಿಕೋಟಾದಲ್ಲಿ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ನಾಲ್ಕನೆಯ ಇಯತ್ತೆ ದಾಟಿದವರಿಲ್ಲ. ಐವತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ ನಾನು ವಿಜಯಪುರದ, ಅಂದರೆ ಅಂದಿನ ನಮ್ಮ ಬಾಯಿಯ ವಿಜಾಪುರದ, ಕಾಲೇಜೊಂದರಲ್ಲಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಹೆದರುತ್ತಿದ್ದೆ ಎನ್ನುವುದೇ ಸರಿ. ಚಹಾದ ಅಂಗಡಿಯಲ್ಲಿ ಚಹಾ ಕೇಳುವ ಮೊದಲು ಕೂಡ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಕಟ್ಟಿ, ಕರ್ತೃ ಕರ್ಮ ಕ್ರಿಯಾಪದಗಳೆಲ್ಲ ತಮ್ಮ ತಮ್ಮ ಜಾಗದಲ್ಲಿವೆಯೇ ಎಂದು ನೋಡಿಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಅಂಗಡಿಯವನು ನನ್ನ ಹಿಂದೆ ನಿಂತವನಿಗೆ ಚಹಾ ಕೊಟ್ಟುಬಿಟ್ಟಿರುತ್ತಿದ್ದ. ಊರಿನವರಿಗೆ ಮಾತ್ರ ನಾನು 'ಸಾಲಿ ಕಲ್ತಾಂವ'. ಕೋರ್ಟಿನ ಕಾಗದ, ಗೊಬ್ಬರದ ಚೀಲದ ಮೇಲಿನ ಬರಹ, ದವಾಖಾನೆಯ ಚೀಟಿ, ಏನೇ ಇರಲಿ, ನನ್ನ ಮುಂದೆ ಹಿಡಿಯುತ್ತಿದ್ದರು. ಅರ್ಥವಾಗದಿದ್ದರೂ ಅರ್ಥವಾದವನಂತೆ ತಲೆಯಾಡಿಸುವುದನ್ನು ನಾನು ಪದವಿಗಿಂತ ಮೊದಲೇ ಕಲಿತಿದ್ದೆ.

ನನ್ನ ತಂದೆಯ ತಂಗಿ ನೀಲವ್ವನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಗಂಡ ಸಂಗಪ್ಪ ಮಾವ ಎತ್ತು ಕಟ್ಟಿ ದುಡಿಯುವ ಒಕ್ಕಲಿಗ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎತ್ತುಗಳೊಡನೆ. ಅತ್ತೆ ಹಾಗಲ್ಲ. ಆಕೆ ನಕ್ಕರೆ ಮೂರನೆಯ ಮನೆಗೆ ಕೇಳಿಸುತ್ತಿತ್ತು. ಅಂಥವಳಿಗೆ ಎಡಗಡೆ ಒಂದು ಗಂಟು ಕಾಣಿಸಿಕೊಂಡು, ಅದನ್ನು ಆಕೆ ಒಂದು ಸುಗ್ಗಿಯ ಕಾಲ ಸೆರಗಿನಲ್ಲಿಯೇ ಮುಚ್ಚಿಟ್ಟು, ಕೊನೆಗೆ ಮಾವ ವಿಜಾಪುರಕ್ಕೆ ಕರೆತಂದಾಗ ಅಲ್ಲಿಯ ಡಾಕ್ಟರರು ದೂರದ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಇಂಗ್ಲಿಷ್ ಬೇಕಾಗುತ್ತದೆಂದು ನಾನೂ ರೈಲು ಹತ್ತಿದೆ. ಅತ್ತೆಗೆ ಸ್ತನದ ಕ್ಯಾನ್ಸರ್ ಆಗಿತ್ತು. ಆ ಕಾಲದ ಪದ್ಧತಿಯಂತೆ ಒಂದು ಸ್ತನವನ್ನೂ ಕಂಕುಳಿನವರೆಗಿನ ಮಾಂಸವನ್ನೂ ತೆಗೆದುಹಾಕಿದರು. ಜೀವ ಉಳಿಯಿತು. ಎಡಗೈ ಮಾತ್ರ ಭುಜದ ಮಟ್ಟಕ್ಕೂ ಏಳದೆ, ಬೇರೆಯವರ ಕೈಯಂತೆ ಪಕ್ಕಕ್ಕೆ ತೂಗುಬಿದ್ದಿತು.

ಮನೆಗೆ ಹೊರಡುವ ಹಿಂದಿನ ದಿನ ತೆಂಕಣ ಸೀಮೆಯಿಂದ ಬಂದಿದ್ದ ನರ್ಸಬಾಯಿಯೊಬ್ಬಳು ನನ್ನನ್ನು ವರಾಂಡಕ್ಕೆ ಕರೆದಳು. ಆಕೆಗೆ ಕನ್ನಡ ಬಾರದು, ಅತ್ತೆಗೆ ಇಂಗ್ಲಿಷ್ ಬಾರದು; ಸೇತುವೆ ನಾನೇ. ಆಕೆ ಎರಡು ಸಂಗತಿ ಹೇಳಿದಳು. ಒಂದು: ದಿನವೂ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸುತ್ತ ಕೈಯನ್ನು ಮೇಲೇರಿಸಬೇಕು, ಮುಟ್ಟಿದ ಎತ್ತರಕ್ಕೆ ಗುರುತು ಹಾಕಿ ಮರುದಿನ ಅದಕ್ಕಿಂತ ಮೇಲೆ ಮುಟ್ಟಬೇಕು. ಎರಡು: ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಹೊಲಿಗೆಯ ಜಾಗ, ಕಂಕುಳು ಮತ್ತು ಉಳಿದ ಸ್ತನವನ್ನು ಬೆರಳ ಒಳಮೈಯಿಂದ ಮೆಲ್ಲನೆ ಒತ್ತಿ ನೋಡಿಕೊಳ್ಳಬೇಕು, ಕಾಳಿನಷ್ಟು ಗಂಟು ಸಿಕ್ಕರೂ ತಡಮಾಡದೆ ಬರಬೇಕು. ನಾನು ಎರಡನ್ನೂ ವಹಿಯಲ್ಲಿ ಬರೆದುಕೊಂಡೆ. ಎರಡನೆಯದರ ಕೆಳಗೆ ಎರಡು ಗೆರೆ ಎಳೆದೆ.

ಒಳಗೆ ಬಂದಾಗ ಅತ್ತೆ ಮಂಚದ ಮೇಲೆ ಎದ್ದು ಕುಳಿತಿದ್ದಳು.

"ಏನಂದ್ಲಪಾ ನರ್ಸಬಾಯಿ?"

"ಗೋಡಿ ಏರಬೇಕಂತ."

"ಯಾರು, ನೀನೋ ನಾನೋ?"

"ನಿನ್ನ ಕೈ, ಅತ್ತಿ." ಹೇಗೆಂದು ತೋರಿಸಿದೆ.

"ಆತು. ಮತ್ತೇನಂದ್ಲು? ಭಾಳ ಹೊತ್ತು ಮಾತಾಡಿದ್ಲಲ್ಲ."

ನನಗೆ ಆಗ ಹತ್ತೊಂಬತ್ತು ವರ್ಷ. ಎದುರಿಗಿದ್ದವಳು ತಂದೆಯ ತಂಗಿ. ಹೇಳಬೇಕಾದ ಮಾತನ್ನು ಸಂಸ್ಕೃತದಲ್ಲಿ ಹೇಳಿದರೆ ಆಕೆಗೆ ತಿಳಿಯದು. ಮನೆಯ ಮಾತಿನಲ್ಲಿ ಹೇಳಿದರೆ ನಾನು ಉಳಿಯೆ.

"ಮತ್ತ... ಚಲೋತ್ನಂಗ ಊಟಾ ಮಾಡಬೇಕಂತ."

ಅತ್ತೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಆತಪಾ, ಊಟಾ ಮಾಡೋಣು" ಎಂದಳು.

ಆ ಒಂದು ಸುಳ್ಳನ್ನು ನಾನು ಎರಡು ವರ್ಷ ಹೊತ್ತು ತಿರುಗಿದೆ. ಆಕೆಗೆ ಮತ್ತೆ ಗಂಟು ಎದ್ದರೆ? ನೋಡಿಕೊಳ್ಳಬೇಕೆಂಬುದೇ ತಿಳಿಯದೆ ಆಕೆ ಕಾಲ ಕಳೆದುಬಿಟ್ಟರೆ? ಆಗ ಆಕೆಯನ್ನು ಕೊಂದದ್ದು ರೋಗವಲ್ಲ, ನನ್ನ ನಾಚಿಕೆ. ಪರೀಕ್ಷೆಯ ಕೊಠಡಿಯಲ್ಲಿ ಕುಳಿತಾಗಲೂ ವಹಿಯ ಆ ಎರಡು ಗೆರೆಗಳು ಕಣ್ಣ ಮುಂದೆ ಬರುತ್ತಿದ್ದವು. ರಜೆ ಸಿಕ್ಕಾಗಲೆಲ್ಲ, ಇಂದು ಹೇಳಿಯೇ ಬಿಡುತ್ತೇನೆಂದು ಬಬಲೇಶ್ವರದ ಬಸ್ಸು ಹತ್ತುತ್ತಿದ್ದೆ. ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತಿದ್ದೆ. ಬಾಗಿಲಲ್ಲಿ ಅತ್ತೆ "ಬಾ ಯಪ್ಪಾ, ಎಷ್ಟ ಸೊರಗೀದಿ" ಎನ್ನುತ್ತಲೇ ಕಟ್ಟಿದ್ದೆಲ್ಲ ಕುಸಿಯುತ್ತಿತ್ತು. ಒಮ್ಮೆ ಪತ್ರ ಬರೆದೆ. "ಉಳಿದ ಭಾಗದಲ್ಲಿ ಯಾವುದೇ ಗ್ರಂಥಿಯು ಗೋಚರಿಸಿದಲ್ಲಿ" ಎಂದು ಆರಂಭವಾಗುವ, ವ್ಯಾಕರಣದಲ್ಲಿ ತಪ್ಪು ಹುಡುಕಲಾಗದ ಪತ್ರ. ಅಂಚೆಪೆಟ್ಟಿಗೆಯ ಮುಂದೆ ನಿಂತಾಗ ನೆನಪಾಯಿತು: ಅತ್ತೆಗಾಗಲಿ ಮಾವನಿಗಾಗಲಿ ಓದಲು ಬಾರದು, ಬಂದ ಪತ್ರವನ್ನು ಟಪಾಲಿನವನು ಕಟ್ಟೆಯ ಮೇಲೆ ನಿಂತು, ಸಂತೆಗೆ ಹೊರಟವರಿಗೂ ಕೇಳುವಂತೆ, ಗಟ್ಟಿಯಾಗಿ ಓದಿ ಹೇಳುತ್ತಾನೆ. ಹರಿದು ಹಾಕಿದೆ.

ಈ ನಡುವೆ ಗೋಡೆಯ ಮೇಲಿನ ಕೈ ಏರುತ್ತಲೇ ಇತ್ತು. ದಿನವೂ ಬೆಳಗ್ಗೆ ಅತ್ತೆ ಬಟ್ಟಲಿನಲ್ಲಿ ಕಲಸಿಟ್ಟ ಕೆಮ್ಮಣ್ಣಿನಲ್ಲಿ ಬೆರಳದ್ದಿ, ಪಡಸಾಲೆಯ ಗೋಡೆಗೆ ಎದುರಾಗಿ ನಿಲ್ಲುತ್ತಿದ್ದಳು. ಹಲ್ಲು ಕಚ್ಚಿ, ಹಣೆಯ ಮೇಲೆ ಬೆವರಿಳಿಸಿ, ನಿನ್ನೆಯ ಗುರುತನ್ನು ದಾಟಿ ಒಂದು ನೂಲಿನಷ್ಟು ಮೇಲೆ ಮುಟ್ಟಿದರೆ ಅಂದು ಮನೆಯಲ್ಲಿ ಹಬ್ಬ. ಆಕೆಯ ಗುರಿ ಒಂದೇ. ಅಡುಗೆಮನೆಯ ಜಂತಿಗೆ ತೂಗುಹಾಕಿದ್ದ ನೆಲುವಿನಿಂದ ಬೆಣ್ಣೆಯ ಗಡಿಗೆಯನ್ನು ಎರಡೂ ಕೈ ಎತ್ತಿ ತಾನೇ ಇಳಿಸಬೇಕು. "ಬೆಣ್ಣಿ ಇಳಸಾಕ ಗಂಡನ್ನ ಕರಿಯೂ ಹೆಂಗಸು ಮನ್ಯಾಗ ಯಾತಕ್ಕ?" ಎನ್ನುವಳು. ಮಾವ ಕರೆಸಿಕೊಂಡು ಇಳಿಸಿಕೊಡುವಾಗ ಒಂದು ಉಂಡೆ ಬೆಣ್ಣೆ ಬಾಯಿಗೆ ಹಾಕಿಕೊಳ್ಳುತ್ತಾನೆಂಬುದು ಆಕೆಯ ಬಹಿರಂಗ ದೂರು.

ಆಪರೇಶನ್ ಆಗಿ ಬಂದ ಮೊದಲ ದಿನಗಳಲ್ಲಿ ಓಣಿಯ ಹೆಂಗಸರು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ರೋಗ ಅಂಟೀತೆಂಬ ಭಯ. ಬರುತ್ತಿದ್ದವಳು ಎದುರುಮನೆಯ ಹುಸೇನಬಿ ಒಬ್ಬಳೇ. ಆಕೆಯ ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಒಂದು ದಿನ ಅತ್ತೆ ಎದ್ದು ನೋಡುತ್ತಾಳೆ: ತನ್ನ ಗುರುತುಗಳ ಪಕ್ಕದಲ್ಲಿ ಬೇರೊಂದು ಕೈಯ ಗುರುತು! ನಾನೂ ಅಂದು ಅಲ್ಲಿದ್ದೆ.

"ಯಾರ ಮಾಡ್ಯಾರ ಬೇ ಇದನ್ನ?"

"ನಾನ ಅಕ್ಕಾ," ಎಂದಳು ಹುಸೇನಬಿ, ತಲೆ ತಗ್ಗಿಸಿ. "ನೀ ಹರಕಿ ಹೊತ್ತಿ. ದಿನಾ ಕೈ ಏರಾಕತ್ತೈತಿ. ಮುಂಬೈಗೆ ಹೋದ ನನ್ನ ಮಗಂದು ಆರು ತಿಂಗಳಾತು ಕಾಗದಿಲ್ಲ. ನಿನ್ನ ಕೈ ಜೋಡಿ ನಂದೂ ಏರಲಿ ಅಂತ..."

"ಹರಕಿ ಅಲ್ಲ ಹುಚ್ಚೀ, ಕಸರತ್ತು!"

"ಏನರ ಅನ್ನು. ಏರತೈತೋ ಇಲ್ಲೋ?"

ಹೇಳಿದರೆ ನಂಬುತ್ತೀರೋ ಇಲ್ಲವೋ, ಹತ್ತು ದಿನಗಳಲ್ಲಿ ಮಗನ ಕಾಗದ ಬಂತು. ಅಲ್ಲಿಗೆ ಮುಗಿಯಿತು. ಮದುವೆ ಕೂಡದವಳು, ಎಮ್ಮೆ ಗಬ್ಬ ನಿಲ್ಲದವಳು, ಸೊಸೆಯೊಡನೆ ಮುನಿಸಿಕೊಂಡವಳು, ಎಲ್ಲರೂ ಬಂದರು. ಅಂಟೀತೆಂದು ದೂರ ನಿಂತಿದ್ದವರೇ ಅತ್ತೆಯ ಬಟ್ಟಲಿನಲ್ಲಿ ಬೆರಳದ್ದಿ, ಆಕೆಯ ಪಕ್ಕದಲ್ಲಿ ಹೆಗಲಿಗೆ ಹೆಗಲು ತಾಗಿಸಿ ಗೋಡೆ ಏರಿಸಿದರು. ನಾನು ಕಾಲೇಜಿನ ತಿಳಿವಳಿಕೆಯನ್ನೆಲ್ಲ ಒಟ್ಟುಗೂಡಿಸಿ, ಇದು ವೈದ್ಯಶಾಸ್ತ್ರವೇ ಹೊರತು ದೈವವಲ್ಲವೆಂದು ಒಂದು ಸಣ್ಣ ಭಾಷಣ ಮಾಡಿದೆ. ಮುದುಕಿಯೊಬ್ಬಳು, "ತಮ್ಮಾ, ನಿನ್ನ ಪರೀಕ್ಷಾದ ಸಲುವಾಗಿ ಒಂದು ಕೈ ಹೊಡದ ಹೋಗು" ಎಂದಳು. ಅತ್ತೆಯ ನಗೆ ಮೂರನೆಯ ಮನೆಗೆ ಕೇಳಿಸಿತು. ಆಪರೇಶನ್ ಆದ ಮೇಲೆ ನಾನು ಕೇಳಿದ ಮೊದಲ ನಗೆ ಅದು. ನಿಜ ಹೇಳಬೇಕೆಂದರೆ, ಯಾರೂ ಇಲ್ಲದ ಹೊತ್ತು ನೋಡಿ ನಾನೂ ಒಂದು ಕೈ ಒತ್ತಿದೆ. ಪರೀಕ್ಷೆಗಾಗಿ ಅಲ್ಲ.

ಬಿ.ಎ. ಪಾಸಾಯಿತು. ತಿಕೋಟಾದ ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದರು. ಮರುದಿನ ನಾನು ಬಬಲೇಶ್ವರಕ್ಕೆ ಹೋದೆ, ಈ ಸಲ ಒಂದು ಉಪಾಯದೊಡನೆ. ಅತ್ತೆ ಅಡುಗೆಮನೆಯಲ್ಲಿದ್ದಳು. ಎಡಗೈ ಅಷ್ಟರಲ್ಲಿ ತಲೆಯ ಮಟ್ಟ ದಾಟಿತ್ತು. "ಇವತ್ತ ನಾನ ಎರಡೂ ಕೈಲೆ ರೊಟ್ಟಿ ಬಡೀತೀನಿ, ಕೂಡು" ಎಂದು ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ಪರಾತದಲ್ಲಿ ನಾದತೊಡಗಿದಳು. ನೀರು ತರಲು ಆಕೆ ಎದ್ದಾಗ ನಾನು ಜೇಬಿನಿಂದ ಮೂರು ಜೋಳದ ಕಾಳು ತೆಗೆದು, ಒಂದನ್ನು ಆಳಕ್ಕೆ, ಒಂದನ್ನು ನಡುವೆ, ಒಂದನ್ನು ಅಂಚಿಗೆ ಹಿಟ್ಟಿನಲ್ಲಿ ಹುದುಗಿಸಿದೆ.

ಅತ್ತೆ ಬಂದು ಕೈ ಇಟ್ಟಳು. ಬಾಗಿಲ ಕಡೆ ನೋಡುತ್ತ ಏನೋ ಮಾತಾಡುತ್ತಿದ್ದವಳ ಬೆರಳುಗಳು ನಿಂತವು. ಒಂದು ಕಾಳು ಹೊರಬಂತು. ಮತ್ತೊಂದು. ಆಳದಲ್ಲಿದ್ದ ಮೂರನೆಯದೂ ಬಂತು. ಒಮ್ಮೆಯೂ ಕೆಳಗೆ ನೋಡಲಿಲ್ಲ.

"ಗಿರಣ್ಯಾಂವಗ ಏನಾಗೇತಿ? ಇಡೀ ಕಾಳ ಬಿಟ್ಟಾನ."

"ಗಿರಣ್ಯಾಂವ ಅಲ್ಲ ಅತ್ತಿ, ನಾನ ಹಾಕೀನಿ. ನರ್ಸಬಾಯಿ ಇನ್ನೊಂದು ಮಾತು ಹೇಳಿದ್ಲು. ನಾ ಹೇಳಲಿಲ್ಲ. ಹಿಂಗ... ಹಿಟ್ಟಿನ್ಯಾಗ ನೋಡಿದಂಗ... ಜಳಕಾ ಆದಮ್ಯಾಲ ಮೈಯಾಗೂ... ತಿಂಗಳಿಗೊಮ್ಮೆ..." ಅಷ್ಟರಲ್ಲಿ ಪದವೀಧರನ ಕಣ್ಣಿನಿಂದ ನೀರು ಇಳಿಯತೊಡಗಿತು.

ಅತ್ತೆ ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿಕೊಂಡಳು. "ತಿಂಗಳಿಗೊಮ್ಮೆ ಆದರ ಸಾಕೇನು?" ಎಂದು ಕೇಳಿದಳು. "ಕಂಕಳದಾಗೂ ನೋಡಬೇಕೇನು? ಸಿಕ್ಕರ ಏನ ಮಾಡಬೇಕು?" ಒಳ್ಳೆಯ ವಿದ್ಯಾರ್ಥಿನಿಯಂತೆ ಒಂದೊಂದಾಗಿ ಕೇಳಿದಳು, ನಾನು ಮೂಗು ಒರೆಸುತ್ತ ಒಂದೊಂದಾಗಿ ಉತ್ತರಿಸಿದೆ. "ಹೇಳಿದ್ದು ಚಲೋ ಆತು ತಮ್ಮಾ," ಎಂದಳು ಕೊನೆಗೆ. "ಇನ್ನ ರೊಟ್ಟಿ ತಿನ್ನು. ಕಾಳ ಇಲ್ಲದ್ದ ಹಿಟ್ಟಿಂದು." ಆ ದಿನ ನಾನು ಎಷ್ಟು ರೊಟ್ಟಿ ತಿಂದೆನೋ ನೆನಪಿಲ್ಲ. ಎರಡು ವರ್ಷಗಳ ಬಳಿಕ ಅನ್ನ ರುಚಿಸಿದ್ದು ಮಾತ್ರ ನೆನಪಿದೆ.

ಮುಂದೆ ವಿಜಾಪುರದ ಶಾಲೆಯೊಂದರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಬಬಲೇಶ್ವರಕ್ಕೆ ಹೋಗಿಬರುವುದು ಹೆಚ್ಚಾಯಿತು. ಆಗಲೇ ನಾನು ಆ ಮನೆಯ ಅಮಾವಾಸ್ಯೆಯನ್ನು ಕಂಡದ್ದು. ಅಂದು ಎತ್ತಿಗೆ ನೊಗ ಇಡುವುದಿಲ್ಲ, ಮಾವ ಮನೆಯಲ್ಲಿರುತ್ತಿದ್ದ. ಅತ್ತೆ ತಲೆಸ್ನಾನಕ್ಕೆಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಮಾವ ಪುಂಡಿನಾರು ಹಿಡಿದು ಕಟ್ಟೆಗೆ ಕುಳಿತು ಹಗ್ಗ ಹೊಸೆಯಲು ತೊಡಗುತ್ತಿದ್ದ. ನೀರಿನ ಸಪ್ಪಳ ನಿಂತು, ಒಳಗೆ ಏನೂ ಕೇಳಿಸದ ಸ್ವಲ್ಪ ಹೊತ್ತು ಬರುತ್ತಿತ್ತು. ಆ ಹೊತ್ತಿನಲ್ಲಿ ಅವನ ಕೈಯ ಹುರಿ ಬಿಗಿಯಾಗಿ ಬಿಗಿಯಾಗಿ ಗಂಟು ಬೀಳುವಷ್ಟಾಗುತ್ತಿತ್ತು. ಅವನು ಎಂದೂ ಏನೂ ಕೇಳಲಿಲ್ಲ. ಬಾಗಿಲು ತೆರೆದು, ಒದ್ದೆ ಕೂದಲು ಕೊಡವುತ್ತ ಅತ್ತೆ, "ಎಸರಿಡ್ತೀನ್ರಿ" ಎನ್ನುವಳು. ಏನೂ ಸಿಗಲಿಲ್ಲವೆಂದು ಅರ್ಥ. ಮಾವ ಹಗ್ಗವನ್ನು ಗೂಟಕ್ಕೆ ಎಸೆದು ಎತ್ತುಗಳ ಮೈ ತಿಕ್ಕಲು ಹೋಗುವನು. ಆ ಮನೆಯಲ್ಲಿ ಎತ್ತುಗಳಿದ್ದುದು ಎರಡು. ಹಗ್ಗಗಳನ್ನು ತೂಗುಹಾಕಲು ಗೂಟ ಸಾಲುತ್ತಿರಲಿಲ್ಲ.

ಒಂದು ಅಮಾವಾಸ್ಯೆಯಂದು ಬಾಗಿಲು ತೆರೆಯಿತು; ಮಾತು ಬರಲಿಲ್ಲ. ಅತ್ತೆ ಹೊಸ್ತಿಲಲ್ಲಿ ನಿಂತು ಗಂಡನನ್ನು ನೋಡಿದಳು. ಅವನು ಹಗ್ಗ ಕೆಳಗಿಟ್ಟ. "ಹೊಲಿಗಿ ಬಾಜೂಕ," ಎಂದಳು. "ಜೋಳದ ಕಾಳಿನಷ್ಟ."

ಮೂವರೂ ಮತ್ತೆ ಅದೇ ರೈಲು ಹತ್ತಿದೆವು. ಡಾಕ್ಟರರು ಅದನ್ನು ಕತ್ತರಿಸಿ ತೆಗೆದು, ಪರೀಕ್ಷೆಯ ಫಲ ತಿಳಿಯಲು ಹತ್ತು ದಿನ ಬೇಕೆಂದರು. ಆ ಹತ್ತು ದಿನ ನಾನು ಶಾಲೆಗೆ ರಜೆ ಹಾಕಿ ಅತ್ತೆಯ ಮನೆಯಲ್ಲಿದ್ದೆ. ಧೈರ್ಯ ಹೇಳಲೆಂದು ಇದ್ದವನು ಪಡಸಾಲೆಯಲ್ಲಿ ಉಗುರು ಕಚ್ಚುತ್ತ ಕುಳಿತಿದ್ದೆ. ಅತ್ತೆ ಮಾವಿನಕಾಯಿ ತರಿಸಿ, ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ಹಾಕಲು ಕುಳಿತಳು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ನಿನಗ ಅಂಜಿಕಿ ಬರಾಂಗಿಲ್ಲೇನು?"

"ಬರತೈತಿ. ಈಗೂ ಐತಿ ನೋಡಿಲ್ಲೆ," ಎಂದು ಕುತ್ತಿಗೆಯ ಕುಳಿಯ ಮೇಲೆ ಬೆರಳಿಟ್ಟು ತೋರಿಸಿದಳು, ಅಲ್ಲಿ ನಾಡಿ ಹಾರುತ್ತಿತ್ತು. "ಅಂಜಿಕಿ ಬಂದೈತಿ ಅಂತ ಕಾಯಿ ಕೊಳಿಯಾಕ ಬಿಡಾಕಾಕ್ಕೈತೇನು? ಅದರ ಪಾಡಿಗೆ ಅದು ಕುಂದ್ರಲಿ, ನನ್ನ ಪಾಡಿಗೆ ನಾ ಹೆಚ್ಚತೀನಿ. ನೀ ಸುಮ್ಮ ಕುಂತೀದಿ, ಉಪ್ಪು ತಾ."

ನಾನು ಉಪ್ಪು ತಂದೆ. ಹತ್ತನೆಯ ದಿನ ಟಪಾಲಿನಲ್ಲಿ ಬಂದ ಕಾಗದದಲ್ಲಿ ಇದ್ದದ್ದು ಇಷ್ಟು: ಅದು ರೋಗವಲ್ಲ, ಹಿಂದಿನ ಹೊಲಿಗೆಯ ದಾರದ ಚೂರೊಂದು ಒಳಗುಳಿದು, ಅದರ ಸುತ್ತ ಕಟ್ಟಿಕೊಂಡ ಗಂಟು. ನಾನು ಮೂರು ಸಲ ಓದಿ, ನಾಲ್ಕನೆಯ ಸಲ ಕನ್ನಡದಲ್ಲಿ ಹೇಳಿದೆ. ಮಾವ ಎದ್ದು ಅಡುಗೆಮನೆಗೆ ಹೋಗಿ, ನೆಲುವಿಗೆ ಕೈ ಹಾಕಿದ. ಅತ್ತೆ ಅವನನ್ನು ಬದಿಗೆ ಸರಿಸಿ, ಎರಡೂ ಕೈ ಎತ್ತಿ, ಗಡಿಗೆಯನ್ನು ತಾನೇ ಇಳಿಸಿ, ಅವನ ಅಂಗೈಗೆ ಒಂದು ಉಂಡೆ ಬೆಣ್ಣೆ ಹಾಕಿದಳು. ದೊಡ್ಡ ದೊಡ್ಡ ಗುಮ್ಮಟಗಳಿರುವ ಊರಿನಲ್ಲಿ ನಾನು ಬದುಕಿದವನು; ತಲೆಯೆತ್ತಿ ನಿಬ್ಬೆರಗಾಗುವುದು ನನಗೆ ಹೊಸದಲ್ಲ. ಆದರೆ ಆ ಎತ್ತಿದ ಎರಡು ಕೈಗಳ ಕೆಳಗೆ ನಿಂತಂತೆ ನಾನು ಬೇರೆಲ್ಲಿಯೂ ನಿಂತಿಲ್ಲ.

ಐದು ವರ್ಷ ತುಂಬಿದಾಗ ಡಾಕ್ಟರರು ಇನ್ನು ಬರಬೇಕಾಗಿಲ್ಲವೆಂದರು. ಅತ್ತೆ ಅಮಾವಾಸ್ಯೆಯನ್ನು ಬಿಡಲಿಲ್ಲ. "ಅವರು ಬಿಟ್ಟಾರ, ನಾ ಬಿಟ್ಟಿಲ್ಲ" ಎಂದಳು. ಹೀಗೆ ತಿಂಗಳಿಗೊಮ್ಮೆ ಹೆದರುತ್ತ, ಉಳಿದ ದಿನ ನಗುತ್ತ, ಮೊಮ್ಮಕ್ಕಳನ್ನು ಕಂಡು, ಮುಪ್ಪಿನಲ್ಲಿ ಒಂದು ಮಧ್ಯಾಹ್ನ ಮಲಗಿದಲ್ಲಿಯೇ ಹೋದಳು.

ಇಷ್ಟನ್ನು ಕಟ್ಟೆಯ ಮೇಲೆ ನೆನೆಯುತ್ತಿದ್ದಾಗ ಕಸ್ತೂರಿ ಬಂದು ಪಕ್ಕದಲ್ಲಿ ಕುಳಿತಳು. ಈಗ ಆಕೆಯ ಕೂದಲೂ ಬೆಳ್ಳಗಾಗಿದೆ. ಯಾಕೋ ಏನೋ, ಅಂದು ಮೊದಲ ಬಾರಿಗೆ ಬೇರೆಯವರ ಮುಂದೆ ನನ್ನ ತಪ್ಪನ್ನು ಹೇಳಿಕೊಂಡೆ: ನರ್ಸಬಾಯಿಯ ಎರಡನೆಯ ಮಾತು, ಎರಡು ವರ್ಷದ ಮೌನ, ಹಿಟ್ಟಿನಲ್ಲಿ ಹುದುಗಿಸಿದ ಕಾಳು. ಕೇಳುತ್ತ ಕೇಳುತ್ತ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"ಮಾಮಾ, ಅವ್ವಗ ಅದು ಮೊದಲ ಗೊತ್ತಿತ್ತು."

"ಮೊದಲಂದರ?"

"ದವಾಖಾನ್ಯಾಗ ಇದ್ದಾಗಿಂದ. ಪಟ್ಟಿ ಬಿಚ್ಚಿದ ದಿನಾನ ಆ ನರ್ಸಬಾಯಿ ಅವ್ವನ ಕೈ ತನ್ನ ಕೈಯಾಗ ಹಿಡಕೊಂಡು, ಇಲ್ಲಿ ಒತ್ತು, ಹಿಂಗ ಹೊರಳಸು ಅಂತ ಎಲ್ಲಾ ತೋರಿಸಿದ್ಲಂತ. ಹೆಂಗಸಿಗೆ ಹೆಂಗಸು ತೋರಿಸಾಕ ಇಂಗ್ಲೀಷ ಯಾಕ ಬೇಕ್ರಿ? ಅಪ್ಪ ಹಗ್ಗ ಹೊಸಿಯಾಕ ಹತ್ತಿದ್ದೂ ಆಗಿನ ಮೊದಲನೇ ಅಮಾಸಿಯಿಂದನ. ನಾ ಸಣ್ಣಾಕಿ, ಬಾಜೂಕ ಕುಂತು ನಾರು ಬಿಡಿಸಿ ಕೊಡತಿದ್ದೆ."

"ಮತ್ತ ನಾ ಹೇಳಿದಾಗ ಏನೂ ಗೊತ್ತಿಲ್ಲದಾಕಿ ಹಂಗ ಅಷ್ಟೆಲ್ಲಾ ಕೇಳಿದ್ಲಲ್ಲ..."

"ನೀವು ಅಳಾಕತ್ತಿದ್ರಂತ. 'ಹುಡುಗ ಎರಡು ವರ್ಷ ಹೊತ್ತಗೊಂಡು ತಿರುಗ್ಯಾನ, ಪೂರಾ ಇಳಿಸಿಕೊಳ್ಳಲಿ ಅಂತ ಕೇಳಿದೆ' ಅಂತಿದ್ಲು."

ತಿಳಿವಳಿಕೆ ಆ ಮನೆಗೆ ನನ್ನ ಮೂಲಕವೇ ಬರಬೇಕೆಂದು ನಂಬಿದ್ದ ಪದವೀಧರ ನಾನು. ಆಕೆ ಏನೂ ಅರಿಯದೆ ನಿಶ್ಚಿಂತೆಯಿಂದಿದ್ದಾಳೆಂದು ನಾನು ತಿಳಿದಿದ್ದ ಆ ಎರಡು ವರ್ಷಗಳಲ್ಲಿ ಆಕೆ ಪ್ರತಿ ಅಮಾವಾಸ್ಯೆಯೂ ಒಬ್ಬಳೇ ಬಚ್ಚಲಿನ ಬಾಗಿಲು ಹಾಕಿಕೊಂಡು, ಹುಡುಕಿ, ಹೊರಗೆ ಬರುತ್ತಿದ್ದಳು; ನಾನು ರಜೆಗೆ ಹೋದಾಗ ಯಾಕೆ ಸೊರಗಿದ್ದೇನೆಂದು ಕೇಳುತ್ತಿದ್ದಳು. ತನ್ನ ಭಯದ ಪಕ್ಕದಲ್ಲಿ ನನ್ನದಕ್ಕೂ ಒಂದಿಷ್ಟು ಜಾಗ ಮಾಡಿಕೊಟ್ಟಿದ್ದಳು. ಇದಕ್ಕೆ ಕಸ್ತೂರಿಗೆ ಏನೆಂದು ಉತ್ತರಿಸಬೇಕೆಂದು ನಾನು ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟತೊಡಗಿದೆ. ಕರ್ತೃ ಸಿಕ್ಕಿತು, ಕ್ರಿಯಾಪದ ಸಿಗಲಿಲ್ಲ.

ಕಸ್ತೂರಿ ಕಾಯಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಎದ್ದು, "ಏಳ್ರಿ ಮಾಮಾ," ಎಂದಳು, "ಅವ್ವನಂಗ ಎರಡು ವರ್ಷ ನಾ ಕಾಯಾಕಿ ಅಲ್ಲ. ಊಟಕ್ಕ ನಡೀರಿ."